ಹಳೆಯ ಪಿಕಪ್‌ನ ಬಂದುಹೋಗುವ ದೋಷ: ಬದಲಿಸುವ ಮೊದಲು ಅಳೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಪಿಕಪ್ ಗಾಡಿಯನ್ನು ನಂಬಿಕೊಂಡು ದುಡಿಯುವವರು, ಈಗಷ್ಟೇ ಸ್ಪ್ಯಾನರ್ ಹಿಡಿಯಲು ಕಲಿಯುತ್ತಿರುವ ಹುಡುಗ ಹುಡುಗಿಯರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತನಾಡುತ್ತಿದ್ದೇನೆ. ನಿಮ್ಮ ಗಾಡಿಯಲ್ಲೂ ಹೀಗೆ ಆಗಿರಬಹುದು. ಹೆಡ್‌ಲೈಟ್ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಗುಂಡಿಯೊಂದನ್ನು ಹಾದ ಕೂಡಲೇ ಮತ್ತೆ ಬೆಳಗುತ್ತದೆ. ಸೆಲ್ಫ್ ಹೊಡೆದರೆ ಒಮ್ಮೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಇನ್ನೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮನೆಗೆ ಬಂದರೆ ಮತ್ತೆ ಅದೇ ಕಥೆ.

ಹೀಗೆ ಬಂದುಹೋಗುವ ದೋಷದ ಬಗ್ಗೆ ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಅಳೆಯದೆ ಏನನ್ನೂ ಬದಲಿಸಬೇಡಿ. ಅಳೆಯುವುದನ್ನೂ ದೋಷ ಎದುರಿಗಿರುವಾಗ, ಕರೆಂಟ್ ಹರಿಯುತ್ತಿರುವಾಗಲೇ ಅಳೆಯಿರಿ. ಪೆನ್ನು ಹಿಡಿದು ಕೂತವರು ಇದೊಂದನ್ನು ಬರೆದುಕೊಂಡರೂ ಸಾಕು.

ಸಾಮಾನ್ಯವಾಗಿ ಏನಾಗುತ್ತದೆ? ಮೊದಲು ಬ್ಯಾಟರಿ ಬದಲಿಸುತ್ತಾರೆ. ವಾರ ಕಳೆದ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಆಮೇಲೆ ಎಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟಾರ್. ಮೂರೂ ಹೊಸದಾದವು, ದೋಷ ಮಾತ್ರ ಹಳೆಯದೇ. ಇದನ್ನು ರಿಪೇರಿ ಎಂದು ಕರೆಯುವುದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಇದು ರಿಪೇರಿಯಲ್ಲ, ಊಹೆ. ಹಳೆಯ ಗಾಡಿಯಲ್ಲಿ ಬಂದುಹೋಗುವ ದೋಷ ಬಿಡಿಭಾಗದಲ್ಲಿರುವುದು ಅಪರೂಪ. ಅದು ಇರುವುದು ಜೋಡಣೆಯಲ್ಲಿ: ವೈರ್ ಬೋಲ್ಟಿಗೆ ಸೇರುವಲ್ಲಿ, ಸಾಕೆಟ್ಟಿನಲ್ಲಿ ಪಿನ್ ಕೂರುವಲ್ಲಿ, ಲೋಹ ಲೋಹಕ್ಕೆ ತಾಗುವಲ್ಲಿ.

ಗಾಡಿಯ ವಿದ್ಯುತ್ ವ್ಯವಸ್ಥೆ ಅರ್ಥವಾಗದ್ದೇನಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕರೆಂಟ್ ವೈರಿನ ಮೂಲಕ ದೀಪಕ್ಕೋ ಮೋಟಾರಿಗೋ ಹೋಗುತ್ತದೆ. ಅಲ್ಲಿಂದ ನೆಗೆಟಿವ್‌ಗೆ ಅದು ಮರಳಲೇಬೇಕು. ಮರಳುವುದಕ್ಕೆ ಹೆಚ್ಚಿನ ಕಡೆ ಬೇರೆ ವೈರ್ ಇರುವುದಿಲ್ಲ. ಚಾಸಿ ಎನ್ನುವ ಅಡಿಯ ಚೌಕಟ್ಟು, ಬಾಡಿ, ಎಂಜಿನ್ ಬ್ಲಾಕ್, ಹೀಗೆ ಗಾಡಿಯ ಕಬ್ಬಿಣವೇ ಆ ದಾರಿ. ನಾವು ಅರ್ತ್ ಎನ್ನುವುದು ಅದನ್ನೇ. ಕರೆಂಟ್ ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಬರುವ ದಾರಿಯತ್ತ ಯಾರೂ ತಿರುಗಿ ನೋಡುವುದಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕಾಗಿಯೇ ಎಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕೆಸರು, ಎಣ್ಣೆ, ತೇವ ಇವೆಲ್ಲವನ್ನೂ ವರ್ಷಗಟ್ಟಲೆ ಉಂಡಿರುವ ಪಟ್ಟಿ ಅದು.

ಈ ಪಟ್ಟಿಯ ಕಥೆಯೊಂದನ್ನು ಹೇಳಲೇಬೇಕು. ನನ್ನಲ್ಲಿ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುವ ಕಥೆ ಇದು. ಸ್ವಲ್ಪ ಉದ್ದವಾದರೂ ಕೇಳಿ.

ಹಳೆಯ ಡೀಸೆಲ್ ಪಿಕಪ್ ಒಂದು ನನ್ನ ಬಳಿಗೆ ಬಂತು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು. ಭಾರ ಹೇರಿಕೊಂಡು ಒಂದಿಷ್ಟು ದೂರ ಓಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಲ್ಲಿಸಿದರೆ ಮುಗಿಯಿತು. ಕೀಲಿ ತಿರುಗಿಸಿದರೆ ‘ಟಕ್’, ಅಷ್ಟೇ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಬ್ಯಾಟರಿ ಹೊಸದು, ಸೆಲ್ಫ್ ಹೊಸದು, ಕೀಲಿಯ ಸ್ವಿಚ್ ಕೂಡ ಹೊಸದು. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆದು ತಂದಿದ್ದರು. ಇಳಿದು ಕೀಲಿ ತಿರುಗಿಸಿದರೆ ಮೊದಲ ಹೊಡೆತಕ್ಕೇ ಎಂಜಿನ್ ಎದ್ದಿತು! “ಸಾರ್, ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ” ಎಂದರು ಯಜಮಾನರು, ಮುಖ ಸಣ್ಣದು ಮಾಡಿಕೊಂಡು.

ನಾನು ಬಾನೆಟ್ ಎತ್ತಲಿಲ್ಲ. ದೋಷವಿಲ್ಲದ ಹೊತ್ತಿನಲ್ಲಿ ದೋಷ ಹುಡುಕುವುದು ವ್ಯರ್ಥ. “ಭಾರ ಹೇರಿಕೊಂಡು ಹೋಗಿ, ಎಂಜಿನ್ ಕಾಯಿಸಿಕೊಂಡು ಬನ್ನಿ” ಎಂದು ಕಳುಹಿಸಿದೆ. ಬಂದರು. ನಿಲ್ಲಿಸಿ ಕೀಲಿ ತಿರುಗಿಸಿದರು. ‘ಟಕ್’. ಈಗ ದೋಷ ನಮ್ಮ ಎದುರಿಗಿತ್ತು.

ಮೊದಲು ಗಮನಿಸಿದ್ದು ಡ್ಯಾಶ್‌ಬೋರ್ಡಿನ ದೀಪಗಳನ್ನು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಹೊಡೆದಾಗ ಅವು ಸತ್ತಂತಾಗುತ್ತವೆ. ಇಲ್ಲಿ ಅವು ಮಂಕಾಗಲೇ ಇಲ್ಲ. ವಿದ್ಯುತ್ ಅಳೆಯುವ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ಹಿಡಿದೆ. 12.5 ವೋಲ್ಟ್. ಕೀಲಿ ತಿರುಗಿಸಿ ಹಿಡಿಯಲು ಹೇಳಿದೆ. ಆಗಲೂ 12ರ ಆಸುಪಾಸಿನಲ್ಲೇ ನಿಂತಿತ್ತು. ಸೆಲ್ಫ್ ನಿಜವಾಗಿ ಎಳೆಯುತ್ತಿದ್ದರೆ ಅದು 10, 11ಕ್ಕೆ ಇಳಿಯಬೇಕು. ಬ್ಯಾಟರಿ ಕೊಡಲು ಸಿದ್ಧವಿದೆ, ಕರೆಂಟ್ ಹರಿಯಲು ದಾರಿ ಇಲ್ಲ ಎಂದಾಯಿತು. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲಿಟ್ಟು, ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಒತ್ತಿ ಹಿಡಿದೆ. ಸುಮ್ಮನಿದ್ದಾಗ ಸೊನ್ನೆ. ಕೀಲಿ ತಿರುಗಿಸಿದಾಗ 7 ವೋಲ್ಟ್!

ಈ ಜಾಗದಲ್ಲಿ ಇರಬೇಕಾದದ್ದು 0.2, ಹೆಚ್ಚೆಂದರೆ 0.3 ವೋಲ್ಟ್. ಬ್ಯಾಟರಿ ಕೊಡುವ 12ರಲ್ಲಿ 7 ವೋಲ್ಟ್ ಮರಳುವ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಉಳಿದದ್ದರಲ್ಲಿ ಸೆಲ್ಫ್ ‘ಟಕ್’ ಎನ್ನಬಲ್ಲದು, ಎಂಜಿನ್ ತಿರುಗಿಸಲಾರದು.

ಗಾಡಿಯ ಅಡಿಗೆ ನುಸುಳಿ ಪಟ್ಟಿ ನೋಡಿದರೆ ಹೊರಗಿನಿಂದ ಗಟ್ಟಿಮುಟ್ಟಾಗಿಯೇ ಇತ್ತು. ಬೋಲ್ಟ್ ಬಿಚ್ಚಿದಾಗ ವಿಷಯ ಬಯಲಾಯಿತು. ಹಿಂದೊಮ್ಮೆ ಯಾರೋ ಚಾಸಿಗೆ ಕಪ್ಪು ಬಣ್ಣ ಹೊಡೆದು, ಬಣ್ಣದ ಮೇಲೆಯೇ ಪಟ್ಟಿಯನ್ನು ಕೂರಿಸಿ ಬಿಗಿದಿದ್ದರು. ಬೋಲ್ಟಿನ ಎಳೆಗಳು ತಾಗುತ್ತಿದ್ದಷ್ಟೇ ಸಂಪರ್ಕ. ಅಲ್ಲಿಯೂ ತುಕ್ಕು. ಎಂಜಿನ್ ಕಾದು ಲೋಹ ಹಿಗ್ಗಿದಾಗ ಇದ್ದ ಅಲ್ಪ ಸಂಪರ್ಕವೂ ಕೈಬಿಡುತ್ತಿತ್ತು.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಇನ್ನೊಂದು ಸಂಗತಿ. ಯಜಮಾನರು ಮಾತಿನ ನಡುವೆ, “ಆಕ್ಸಿಲರೇಟರ್ ಯಾಕೋ ಬಿಗಿಯಾಗುತ್ತಿದೆ, ಅದನ್ನೂ ನೋಡಿಬಿಡಿ” ಎಂದಿದ್ದರು. ಆಕ್ಸಿಲರೇಟರ್ ಕೇಬಲ್ ಬಿಚ್ಚಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಮೆತ್ತಿಕೊಂಡಿತ್ತು. ಮರಳುವ ಮುಖ್ಯ ದಾರಿ ಮುಚ್ಚಿದಾಗ ಕರೆಂಟ್ ಈ ತೆಳುವಾದ ಉಕ್ಕಿನ ಕೇಬಲನ್ನು ಹಿಡಿದು ಬಾಡಿಗೆ ಸೇರಲು ನೋಡಿತ್ತು, ಅದನ್ನು ಸುಡುವಷ್ಟು ಕಾಯಿಸಿತ್ತು. ಎರಡು ದೂರು, ಕಾರಣ ಒಂದೇ. ಬಣ್ಣವನ್ನು ಎಮರಿ ಹಾಳೆಯಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಪಟ್ಟಿಯನ್ನು ಮತ್ತೆ ಬಿಗಿದು, ತೇವ ತಾಗದಂತೆ ಮೇಲೆ ಗ್ರೀಸ್ ಸವರಿದೆವು. ಕೇಬಲ್ ಒಂದನ್ನು ಹೊಸದು ಹಾಕಿದೆವು. ಮತ್ತೆ ಅಳೆದರೆ 0.2 ವೋಲ್ಟ್. ಆ ಗಾಡಿ ಆಮೇಲೆ ಆ ದೂರಿನೊಂದಿಗೆ ಬರಲಿಲ್ಲ.

ಆ ಪಟ್ಟಿಯನ್ನು ನನಗಿಂತ ಮೊದಲೇ ಒಬ್ಬರು ಪರೀಕ್ಷಿಸಿದ್ದರು. ಮೀಟರನ್ನು, ಸಂಪರ್ಕವಿದ್ದರೆ ಸದ್ದು ಮಾಡುವ ‘ಬೀಪ್’ ಮೋಡಿನಲ್ಲಿಟ್ಟು, ಬೀಪ್ ಬಂದದ್ದೇ ತಡ, ಸರಿಯಾಗಿದೆ ಎಂದುಬಿಟ್ಟಿದ್ದರು. ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಬೀಪ್ ಮಾಡಲು ಮೀಟರ್ ಕಳುಹಿಸುವುದು ಆಂಪಿಯರಿನ ಸಾವಿರದ ಒಂದು ಭಾಗದಷ್ಟು ಕರೆಂಟ್. ಸೆಲ್ಫ್ ಎಳೆಯುವುದು 150, 200 ಆಂಪಿಯರ್. ಒಂದೇ ಎಳೆ ಉಳಿದ ಬಾವಿಯ ಹಗ್ಗ ಖಾಲಿ ಕೊಡವನ್ನು ಎತ್ತುತ್ತದೆ, ತುಂಬಿದ ಕೊಡ ಬಂದಾಗ ಕಡಿದುಹೋಗುತ್ತದೆ. ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಹರಿಯುವ ಕರೆಂಟನ್ನು ರೋಧದಿಂದ, ಅಂದರೆ ಓಮಿನಲ್ಲಿ ಅಳೆಯುವ ತಡೆಯಿಂದ, ಗುಣಿಸಿದರೆ ನಷ್ಟವಾಗುವ ವೋಲ್ಟ್ ಸಿಗುತ್ತದೆ. ಲೆಕ್ಕ ಹಾಕಿ: ಜೋಡಣೆಯಲ್ಲಿ ಓಮಿನ ನೂರನೇ ಒಂದು ಭಾಗ ರೋಧವಿದ್ದರೂ 200 ಆಂಪಿಯರ್ ಹರಿದಾಗ 2 ವೋಲ್ಟ್ ನಷ್ಟ. ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರ್ ತೋರಿಸಲಾರದು. ಅದಕ್ಕೇ ಹೇಳುತ್ತಿರುವುದು, ಕರೆಂಟ್ ಹರಿಯುತ್ತಿರುವಾಗಲೇ ಅಳೆಯಿರಿ. ಓಮ್ ಬೇಡ, ಬೀಪ್ ಬೇಡ, ವೋಲ್ಟ್ ಅಳೆಯಿರಿ.

ಪಾಸಿಟಿವ್ ಬದಿಗೂ ಇದೇ ವಿಧಾನ. ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಮೋಟಾರಿನ ದಪ್ಪ ಟರ್ಮಿನಲ್ ಮೇಲೆ, ಸೆಲ್ಫ್ ಹೊಡೆಯುತ್ತಾ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯ ಒಂದೊಂದೇ ಜೋಡಣೆಯ ಆಚೀಚೆ ಕಡ್ಡಿ ಇಟ್ಟು ಬನ್ನಿ. ವೋಲ್ಟ್ ಎಲ್ಲಿ ಕಾಣಿಸಿಕೊಂಡಿತೋ ದೋಷ ಅಲ್ಲೇ ಇದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಂದವಾಗಿ ಉರಿದರೆ ಬಲ್ಬ್ ಬದಲಿಸಬೇಡಿ. ಆ ದೀಪದ ಅರ್ತ್ ಹೋಗಿದೆ, ಕರೆಂಟ್ ಪಕ್ಕದ ಬಲ್ಬಿನ ಮೂಲಕ ಮರಳುತ್ತಿದೆ.

ಫ್ಯೂಸ್ ಆಗಾಗ ಸುಟ್ಟುಹೋಗುತ್ತಿದ್ದರೆ ಒಂದು ಸೊಗಸಾದ ಉಪಾಯವಿದೆ. ಫ್ಯೂಸ್ ತೆಗೆದು, ಅದು ಕೂರುವ ಜಾಗದ ಎರಡು ತುದಿಗಳಿಗೆ 12 ವೋಲ್ಟಿನ ಹೆಡ್‌ಲೈಟ್ ಬಲ್ಬೊಂದನ್ನು ಜೋಡಿಸಿ. ಆ ಸಾಲಿನಲ್ಲಿ ಶಾರ್ಟ್ ಆದಾಗ, ಅಂದರೆ ವೈರ್ ನೇರವಾಗಿ ಗಾಡಿಯ ಕಬ್ಬಿಣಕ್ಕೆ ತಾಗಿದಾಗ, ಬಲ್ಬ್ ಪೂರ್ತಿ ಬೆಳಗುತ್ತದೆ, ವೈರ್ ಸುಡುವುದಿಲ್ಲ. ಬಲ್ಬಿನ ಮೇಲೆ ಕಣ್ಣಿಟ್ಟು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋಗಿ. ಎಲ್ಲಿ ಮುಟ್ಟಿದಾಗ ಬಲ್ಬಿನ ಬೆಳಕು ಬದಲಾಯಿತೋ ಅಲ್ಲಿ ಟೇಪ್ ಬಿಚ್ಚಿ ನೋಡಿ. ಚಾಸಿಯ ಅಂಚಿಗೆ ಉಜ್ಜುವ ಜಾಗ, ಕ್ಯಾಬಿನ್ನಿನೊಳಗೆ ವೈರ್ ನುಗ್ಗುವ ರಂಧ್ರ, ಬಾಗಿಲಿನ ಕೀಲು, ಇವನ್ನು ಮೊದಲು ನೋಡಿ. ಮಳೆಯಲ್ಲಿ ಮಾತ್ರ ಬರುವ ದೋಷವಾದರೆ ಸ್ಪ್ರೇ ಬಾಟಲಿಯಿಂದ ಒಂದೊಂದೇ ಕನೆಕ್ಟರಿಗೆ ನೀರು ಸಿಂಪಡಿಸಿ ಅದನ್ನು ಬರಿಸಿಕೊಳ್ಳಿ, ಬಂದ ಮೇಲೆ ಅಳೆಯಿರಿ.

10 ಆಂಪಿಯರ್ ಫ್ಯೂಸ್ ಇರುವಲ್ಲಿ 30ರದ್ದನ್ನು ಹಾಕಬೇಡಿ, ತಂತಿ ಸುತ್ತಬೇಡಿ. ಗಾಡಿಗೆ ಬೆಂಕಿ ಹತ್ತುವುದು ಹೀಗೆಯೇ. ಜೋಡಣೆ ಉಜ್ಜುವುದಕ್ಕೋ ವೈರ್ ಕತ್ತರಿಸುವುದಕ್ಕೋ ಕೈ ಹಾಕುವ ಮುಂಚೆ ಬ್ಯಾಟರಿ ಕಳಚಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಹಾಗೆ ಮಾಡಿದರೆ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ನಮಸ್ಕಾರ.