ಮಂಜುಬೆಟ್ಟದ ಪುಟ್ಟ ಬೇಟೆಗಾರ ಆಂಟಿಕೈನಸ್

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಹೇಳೋಕೆ ಹೊರಟಿರೋದು ಆಸ್ಟ್ರೇಲಿಯಾದ ಆಂಟಿಕೈನಸ್ ಅನ್ನೋ ಪ್ರಾಣಿ ಬಗ್ಗೆ. ನೋಡೋಕೆ ಚೂಪು ಮೂತಿಯ ಮೂಗಿಲಿ ಥರಾನೇ ಇದೆ, ಆದ್ರೆ ಇಲಿಗೂ ಇದಕ್ಕೂ ನಂಟಿಲ್ಲ, ಕಾಂಗರೂ ಇರೋ ಹೊಟ್ಟೆಚೀಲದ ಪ್ರಾಣಿಗಳ ಗುಂಪು ಇದರದ್ದು, ಅದ್ರಲ್ಲೂ ಟಾಸ್ಮೇನಿಯನ್ ಡೆವಿಲ್ ಅನ್ನೋ ಪ್ರಾಣಿಯ ಮಾಂಸಾಹಾರಿ ಕುಟುಂಬ. ಜೀರುಂಡೆ, ಜೇಡ, ಜಿರಳೆ, ಎರೆಹುಳ, ಸಿಕ್ಕಿದ್ರೆ ಸಣ್ಣ ಹಲ್ಲಿ, ಏನೂ ಬಿಡಲ್ಲ.

ಇದ್ರಲ್ಲಿ ಹಲವು ಪ್ರಭೇದ ಇವೆ. ನನಗೆ ತುಂಬ ಹಿಡಿಸಿದ್ದು ಕಪ್ಪು ಬಾಲದ ಪ್ರಭೇದ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಗಡಿಯಲ್ಲಿ, ಸುಮಾರು 2.3 ಕೋಟಿ ವರ್ಷದ ಹಿಂದೆ ಉರಿದು ತಣ್ಣಗಾದ ಟ್ವೀಡ್ ಜ್ವಾಲಾಮುಖಿಯ ಸುತ್ತಲಿನ ಎತ್ತರದ ಮಳೆಕಾಡಲ್ಲಿ ಮಾತ್ರ ಅದು ಸಿಗೋದು. ಆಂಡ್ರ್ಯೂ ಬೇಕರ್ ಅನ್ನೋ ವಿಜ್ಞಾನಿಯ ತಂಡದವರು ಅದನ್ನ ಹೊಸ ಪ್ರಭೇದ ಅಂತ ವಿವರಿಸಿದ್ದು 2014ರಲ್ಲಿ. ಕಣ್ಣಿನ ಸುತ್ತ, ಬೆನ್ನಿನ ಹಿಂಭಾಗದಲ್ಲಿ ಕಿತ್ತಳೆ ಛಾಯೆ, ಬಾಲ ಕಪ್ಪು. ಯಾವಾಗ್ಲೂ ಒದ್ದೆ ಇರೋ ಎಲೆರಾಶಿಯೊಳಗೆ ಮೂತಿ ತೂರಿಸಿ, ಉದ್ದ ಉಗುರಿಂದ ಮಣ್ಣು ಕೆದರಿ ತಿಂತಾ ಓಡಾಡುತ್ತೆ.

ಈಗ ಇವುಗಳ ಸಂಸಾರದ ವಿಷಯಕ್ಕೆ ಬರ್ತೀನಿ, ಕೇಳಿದಾಗ ನನಗಂತೂ ನಿದ್ದೆ ಬರ್ಲಿಲ್ಲ. ಗಂಡಿಗೆ ಒಂದು ವರ್ಷದ ಆಯಸ್ಸೂ ಪೂರ್ತಿ ಇಲ್ಲ. ವರ್ಷಕ್ಕೊಂದೇ ಸಲ, ಒಂದರಿಂದ ಮೂರು ವಾರ, ಕೂಡೋ ಕಾಲ. ಒಂದೊಂದು ಸಲ ಕೂಡಿದ್ರೆ 14 ಗಂಟೆವರೆಗೂ ಹೋಗುತ್ತೆ, ಒಂದು ಹೆಣ್ಣಾದ ಮೇಲೆ ಇನ್ನೊಂದನ್ನ ಹುಡುಕ್ಕೊಂಡು ಓಡೋದು, ಊಟದ ಕಡೆ ಗಮನ ಇಲ್ಲ, ನಿದ್ದೆನೂ ಕಮ್ಮಿ. 2024ರಲ್ಲಿ ಆಸ್ಟ್ರೇಲಿಯಾದ ಲಾ ಟ್ರೋಬ್ ಯೂನಿವರ್ಸಿಟಿಯವರು ಲೆಕ್ಕ ಹಾಕಿದ್ರು, ಆ ಕಾಲದಲ್ಲಿ ಗಂಡು ದಿನಕ್ಕೆ ಸುಮಾರು ಮೂರು ಗಂಟೆ ನಿದ್ದೆ ಬಿಡುತ್ತಂತೆ. ಮೈಯಲ್ಲಿ ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನ್ ಏರುತ್ತೆ, ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಏರಿದ್ದು ಇಳಿಯೋದೇ ಇಲ್ಲ, ರೋಗನಿರೋಧಕ ಶಕ್ತಿ ಕುಸಿದು, ಹೊಟ್ಟೇಲಿ ಹುಣ್ಣಾಗಿ, ಒಳಗೇ ರಕ್ತ ಸೋರಿ, ಕೂದಲುದುರಿ ಒಂದಾದ ಮೇಲೊಂದು ಸಾಯುತ್ವೆ. ಮರಿ ಹುಟ್ಟೋ ಹೊತ್ತಿಗೆ ಆ ಕಾಡಲ್ಲಿ ಒಂದು ಗಂಡೂ ಇರಲ್ಲ.

ಸತ್ತ ಮೈಯೂ ವ್ಯರ್ಥ ಆಗಲ್ಲ. 2023ರ ಆಗಸ್ಟ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ನ್ಯೂ ಇಂಗ್ಲೆಂಡ್ ನ್ಯಾಷನಲ್ ಪಾರ್ಕಿನಲ್ಲಿ ಒಂದು ಆಂಟಿಕೈನಸ್ ತನ್ನದೇ ಜಾತಿಯ ಸತ್ತದ್ದನ್ನ ಕಚ್ಚಿ ಎಳೆದು ತಿಂತಾ ಇರೋದು ವಿಡಿಯೋದಲ್ಲಿ ಸಿಕ್ತು. ನೋಡೋಕೆ ಕಷ್ಟ ಆಗುತ್ತೆ ನಿಜ, ಆದ್ರೆ ಅಲ್ಲಿ ಆಗಸ್ಟ್ ಅಂದ್ರೆ ಚಳಿಗಾಲ ನೋಡಿ, ಹುಳ ಕಮ್ಮಿ, ಬಸುರಿಗೆ ಅದು ದೊಡ್ಡ ಊಟ.

ಗಂಡುಗಳು ಹೀಗೆ ಒಟ್ಟಿಗೇ ಸಾಯೋದ್ಯಾಕೆ ಅಂದ್ರೆ ಹುಳಹುಪ್ಪಟೆ ಯಥೇಚ್ಛ ಸಿಗೋದು ಬೇಸಿಗೆಯಲ್ಲಿ, ಮರಿ ಹಾಲು ಬಿಡೋದು ಸರಿಯಾಗಿ ಆ ಹೊತ್ತಿಗೇ ಆಗ್ಬೇಕು, ಹಾಗಾಗಿ ಹೆಣ್ಣುಗಳೆಲ್ಲ ಹಗಲು ಉದ್ದ ಆಗೋ ಲೆಕ್ಕ ಹಿಡಿದು ಒಂದೇ ಸಮಯಕ್ಕೆ ಬೆದೆಗೆ ಬರುತ್ವೆ. ಹೆಣ್ಣು ಹಲವು ಗಂಡುಗಳ ಜೊತೆ ಕೂಡೋದ್ರಿಂದ, ಯಾವನು ಪೂರ್ತಿ ಶಕ್ತಿ ಸುರಿತಾನೋ ಅವನ ಮರಿಯೇ ಹೆಚ್ಚು ಅಂತ ಸಂಶೋಧಕಿ ಡಯಾನಾ ಫಿಷರ್ ಮತ್ತವರ ಜೊತೆಗಾರರು 2013ರಲ್ಲಿ ತೋರಿಸಿದ್ರು. ಹುಟ್ಟಿದ ಮರಿ ಸೆಂಟಿಮೀಟರ್‌ಗಿಂತ ಚಿಕ್ಕದು, ಕಣ್ಣಿಲ್ಲದ ಗುಲಾಬಿ ತುಣುಕು. ಮೊಲೆಗಳಿಗಿಂತ ಮರಿಗಳು ಜಾಸ್ತಿ ಆದ್ರೆ ಮೊಲೆ ಸಿಗದ್ದು ಉಳಿಯಲ್ಲ. ಅಮ್ಮನಿಗೆ ಪೂರ್ತಿ ಚೀಲ ಇಲ್ಲ, ಬರೀ ಚರ್ಮದ ಮಡಿಕೆ, ಮರಿಗಳು ಹೊಟ್ಟೆಗೆ ನೇತಾಡ್ತಿದ್ರೂ ಅವಳು ಬೇಟೆಗೆ ಹೋಗ್ಲೇಬೇಕು.

ಕಪ್ಪು ಬಾಲದ್ದು 2018ರಲ್ಲಿ ಅಳಿವಿನ ಅಪಾಯದ ಪಟ್ಟಿಗೆ ಸೇರಿತು. ಬಿಸಿ ಹೆಚ್ಚಿದಂತೆ ತಂಪು ಹುಡುಕಿ ಮೇಲೆ ಹೋಗ್ಬೇಕು, ಆದ್ರೆ ಅದು ಈಗಾಗ್ಲೇ ಬೆಟ್ಟದ ತುದಿಯಲ್ಲಿದೆ. 2019ರ ಸೆಪ್ಟೆಂಬರಲ್ಲಿ ಆ ಬೆಟ್ಟಸಾಲಿನ ಲ್ಯಾಮಿಂಗ್ಟನ್ ನ್ಯಾಷನಲ್ ಪಾರ್ಕ್ ಕಡೆಗೂ ಕಾಡ್ಗಿಚ್ಚು ಬಂತು, ಅಲ್ಲಿನ ಬಿನ್ನಾ ಬುರ್ರಾದ ಹಳೇ ಲಾಡ್ಜ್ ಸುಟ್ಟು ಹೋಯ್ತು. ಎಲ್ಲಾ ಗಂಡೂ ಒಟ್ಟಿಗೇ ಸಾಯೋ ಜೀವಕ್ಕೆ ಒಂದು ವರ್ಷ ಮರಿ ಕೈಕೊಟ್ರೆ ಮುಂದಿನ ವರ್ಷಕ್ಕೆ ಗಂಡು ಎಲ್ಲಿಂದ ಬರ್ಬೇಕು ಹೇಳಿ? ಅದಕ್ಕೇ ಅಲ್ಲಿನ ಸಂಶೋಧಕರು ವಾಸನೆ ಹಿಡಿಯೋಕೆ ಟ್ರೈನಿಂಗ್ ಕೊಟ್ಟ ನಾಯಿಗಳನ್ನ ಕರ್ಕೊಂಡು ಆ ಒದ್ದೆ ಕಾಡಲ್ಲಿ ಇವುಗಳನ್ನ ಹುಡುಕಿದ್ದಾರೆ. ನಮಸ್ಕಾರ.