ಗುಂಡಿ ಒತ್ತೋಕೆ ವಿದ್ಯಾರ್ಥಿಗೇ ಬಿಡಿ

ನಮಸ್ಕಾರ. ಹೋದ ವಿಡಿಯೋದಲ್ಲಿ ಪ್ರಾಗ್‌ನ ಗೋಲೆಮ್ ಟೋಕಮಾಕ್ ಬಗ್ಗೆ ಸ್ವಲ್ಪ ಮಾತಾಡಿದ್ದೆ. ಟೋಕಮಾಕ್ ಅಂದರೆ ಪ್ಲಾಸ್ಮಾವನ್ನು, ಅಂದರೆ ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾದ ಬಿಸಿ ಅನಿಲವನ್ನು, ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಮೆಷಿನ್. ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ಫ್ಯೂಷನ್‌ಗೆ ಇದೊಂದು ದಾರಿ. ಕೆಳಗೆ ಒಬ್ಬರು ಬರೆದಿದ್ದಾರೆ: "ಒಂದು ಬಲ್ಬನ್ನೂ ಉರಿಸದ ಮೆಷಿನ್. ಮಕ್ಕಳ ಆಟಿಕೆಗೆ ಯಾಕ್ರೀ ಇಷ್ಟು ಬಿಲ್ಡಪ್?" ಇವತ್ತಿಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಮೊದಲು ಇದಕ್ಕೆ ಉತ್ತರ.

ಈ ಮೆಷಿನ್ 1960ರ ದಶಕದಲ್ಲಿ ಮಾಸ್ಕೋದ ಕುರ್ಚಟೋವ್ ಸಂಸ್ಥೆಯಲ್ಲಿ ಹುಟ್ಟಿದ್ದು. 1977ರಲ್ಲಿ ಪ್ರಾಗ್‌ಗೆ ಬಂತು. ವಿಜ್ಞಾನಿಗಳು ವರ್ಷಗಟ್ಟಲೆ ಬಳಸಿದರು, ಆಮೇಲೆ ಚೆಕ್ ಟೆಕ್ನಿಕಲ್ ಯೂನಿವರ್ಸಿಟಿಗೆ ಕೊಟ್ಟರು. ಗುಜರಿಗೆ ಹಾಕಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು "ಮುಟ್ಟಬೇಡಿ" ಅಂತ ಬೋರ್ಡೂ ಹಾಕಲಿಲ್ಲ. ವಿದ್ಯಾರ್ಥಿಗಳ ಕೈಗೆ ಕೊಟ್ಟರು! ನಾನು ಹೇಳುತ್ತಿರುವುದು ಇದೊಂದನ್ನೇ.

ಉದ್ದಿನ ವಡೆ ಆಕಾರದ ಲೋಹದ ಪಾತ್ರೆ. ವಡೆಯ ತೂತಿನ ನಡುವಿನಿಂದ ಕೊಳವೆಯ ಮಧ್ಯಕ್ಕೆ 40 ಸೆಂಟಿಮೀಟರ್, ಅಷ್ಟೇ. ಗಾಳಿಯನ್ನೆಲ್ಲ ಹೊರಗೆ ಎಳೆದು ಚೂರೇ ಚೂರು ಹೈಡ್ರೋಜನ್ ಬಿಡುತ್ತಾರೆ. ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳು ಚಾರ್ಜ್ ಆಗುತ್ತವೆ. ಗುಂಡಿ ಒತ್ತಿದರೆ ಸುತ್ತಲಿನ ಕಾಯಿಲ್‌ಗಳು ಕಾಂತಕ್ಷೇತ್ರ ಕಟ್ಟುತ್ತವೆ. ಟ್ರಾನ್ಸ್‌ಫಾರ್ಮರ್‌ನ ಎರಡನೇ ಸುರುಳಿಯ ಕೆಲಸವನ್ನು ಆ ಅನಿಲವೇ ಮಾಡುತ್ತದೆ. ಅದರೊಳಗೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಪ್ಲಾಸ್ಮಾ ಬೆಳಗಿ, ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಆರಿಹೋಗುತ್ತದೆ.

ಎಷ್ಟು ವೋಲ್ಟೇಜ್, ಎಷ್ಟು ಅನಿಲ ಅಂತ ತೀರ್ಮಾನಿಸುವುದು ವಿದ್ಯಾರ್ಥಿ. ಇಂಟರ್ನೆಟ್ ಇದ್ದರೆ ದೂರದ ಊರಿಂದಲೂ ನಡೆಸಬಹುದು. ಪ್ರತಿ ಶಾಟ್‌ಗೂ, ಅಂದರೆ ಗುಂಡಿ ಒತ್ತಿದ ಪ್ರತಿ ಸಲಕ್ಕೂ, ಒಂದು ನಂಬರ್, ಅದರ ಡೇಟಾ ಎಲ್ಲರಿಗೂ ತೆರೆದೇ ಇರುತ್ತದೆ. ಅನಿಲ ಹೆಚ್ಚು ಕಮ್ಮಿಯಾದರೆ ಪ್ಲಾಸ್ಮಾ ಹುಟ್ಟುವುದೇ ಇಲ್ಲ. ಯಾಕೆ ಹುಟ್ಟಲಿಲ್ಲ? ಸಂಶೋಧನೆ ಶುರುವಾಗೋದೇ ಅಲ್ಲಿಂದ.

"ಸಿಮ್ಯುಲೇಷನ್ ಸಾಕಲ್ವಾ?" ಅಂತ ಇನ್ನೊಬ್ಬರು. ಸಾಲಲ್ಲ ಸ್ವಾಮಿ! ಸಿಮ್ಯುಲೇಷನ್‌ನಲ್ಲಿ ವ್ಯಾಕ್ಯೂಮ್ ಲೀಕ್ ಆಗಲ್ಲ, ಅಳೆಯುವ ಪ್ರೋಬ್‌ನ ವೈರ್ ಕಿತ್ತು ಬರಲ್ಲ. "ಫ್ಯೂಷನ್ ಅಂದ್ರೆ ಡೇಂಜರ್" ಅಂತ ಮತ್ತೊಬ್ಬರು. ಇಲ್ಲಿ ಫ್ಯೂಷನ್ ಆಗುವಷ್ಟು ಬಿಸಿಯೇ ಇಲ್ಲ ಸರ್, ಹಾಕುವುದು ಮಾಮೂಲಿ ಹೈಡ್ರೋಜನ್.

ಹಾಗಾದ್ರೆ ಆಟಿಕೆನಾ? ಕೇಳಿ. ಅನಿಲ ತೆಳುವಾಗಿದ್ದಾಗ ಕೆಲವು ಎಲೆಕ್ಟ್ರಾನ್‌ಗಳು ಯಾವುದಕ್ಕೂ ಸರಿಯಾಗಿ ಡಿಕ್ಕಿ ಹೊಡೆಯದೆ ವೇಗ ಏರಿಸಿಕೊಳ್ಳುತ್ತಾ ಹೋಗುತ್ತವೆ. ಕೊನೆಗೆ ಒಳಗಿನ ಲೋಹಕ್ಕೆ ಬಡಿದು ಎಕ್ಸ್-ರೇ ಹೊಮ್ಮಿಸುತ್ತವೆ. ಫ್ರಾನ್ಸ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ದೈತ್ಯ ಟೋಕಮಾಕ್ ಐಟಿಇಆರ್‌ಗೂ ಇವೇ ಎಲೆಕ್ಟ್ರಾನ್‌ಗಳ ತಲೆನೋವು. ಗೋಲೆಮ್‌ನಲ್ಲಿ ವಿದ್ಯಾರ್ಥಿಗಳು ಅದನ್ನೇ ಅಳೆಯುತ್ತಿದ್ದಾರೆ. ಐಟಿಇಆರ್‌ನ ಗುಂಡಿಯನ್ನು ಯಾವ ವಿದ್ಯಾರ್ಥಿಗೂ ಕೊಡಲ್ಲ, ಕೊಡಲೂಬಾರದು. ಅದಕ್ಕೇ ಚಿಕ್ಕ ಮೆಷಿನ್ ಬೇಕು. ವಿದ್ಯಾರ್ಥಿ ಕೈಗೆ ಕೊಡೋಕೆ!

ಅಂದ ಹಾಗೆ, ಈ ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ವಾ? ಮಾಡಿ. ಪ್ಲಾಸ್ಮಾ ಬಗ್ಗೆ ಕನ್ನಡದಲ್ಲಿ ಮಾತಾಡೋರು ಜಾಸ್ತಿ ಜನ ಇಲ್ಲ.

ನಮ್ಮಲ್ಲಿ ಏನಾಗ್ತಿದೆ? ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಪ್ರಾಜೆಕ್ಟ್ ಸೆಂಟರ್‌ನಿಂದ ತರುವ ಹುಡುಗರಿದ್ದಾರೆ. ರಿಪೋರ್ಟ್ ರೆಡಿ, ವೈವಾ ಪ್ರಶ್ನೆಗೆ ಉತ್ತರವೂ ರೆಡಿ. ಮಕ್ಕಳನ್ನು ಬೈಯಬೇಡಿ. ಲ್ಯಾಬ್‌ನಲ್ಲಿ ಒಳ್ಳೆಯ ಉಪಕರಣಕ್ಕೆ ಬೀಗ ಹಾಕಿಟ್ಟವರು ಯಾರು? ಕೆಟ್ಟು ಹೋದರೆ ಯಾರು ಜವಾಬ್ದಾರಿ ಅನ್ನೋರು ಯಾರು? ಕೆಡಲಿ ಬಿಡಿ! ರಿಪೇರಿ ಮಾಡುತ್ತಾ ಕಲಿಯುತ್ತಾರೆ!

ಗಾಂಧಿನಗರದಲ್ಲಿ ಆದಿತ್ಯ ಟೋಕಮಾಕ್ 1989ರಲ್ಲೇ ಶುರುವಾಯಿತು. ನಮ್ಮವರೇ ಕಟ್ಟಿದ್ದು. ಐಟಿಇಆರ್‌ನಲ್ಲೂ ಭಾರತ ಪಾಲುದಾರ. ನಾಳೆ ಇವನ್ನೆಲ್ಲ ನಡೆಸೋರು ಯಾರು? ಗುಂಡಿಯನ್ನೇ ಒತ್ತದ ಮಕ್ಕಳಾ?

ಮೇಷ್ಟ್ರುಗಳು ಯಾರಾದರೂ ನೋಡ್ತಿದ್ದರೆ, ಪ್ರಾಗ್‌ನವರಿಗೆ ಇವತ್ತೇ ಒಂದು ಮೇಲ್ ಹಾಕಿ, ನಿಮ್ಮ ಕ್ಲಾಸಿಗೆ ಒಂದು ಸೆಷನ್ ಕೇಳಿ. ಆಮೇಲೆ ಮೌಸನ್ನು ನೀವು ಹಿಡಿದುಕೊಳ್ಳಬೇಡಿ. ದಯವಿಟ್ಟು. ಕೊನೆಯ ಬೆಂಚಿನ ಹುಡುಗಿಗೆ ಕೊಡಿ. ಅವಳೇ ಒತ್ತಲಿ!