ಕಪ್ಪು ಸಮುದ್ರಕ್ಕೆ ಕಪ್ಪು ಅಂದವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಟರ್ಕಿಯ ಜನ ತಮ್ಮ ಉತ್ತರಕ್ಕಿರುವ ಕಡಲನ್ನು ‘ಕರಾದೆನಿಜ್’ ಅನ್ನುತ್ತಾರೆ. ‘ಕರಾ’ ಅಂದರೆ ಕಪ್ಪು, ‘ದೆನಿಜ್’ ಅಂದರೆ ಸಮುದ್ರ. ಕರಾ ಅಂದ ಕೂಡಲೇ ನಮಗೆ ಕರಿಮಣಿ, ಕರಿಮೋಡ ನೆನಪಾಗುತ್ತದೆ ಅಲ್ವಾ? ಬೇರೆಯವರ ಮಾತು ಕಿವಿಗೆ ಬಿದ್ದರೆ ಅದರಲ್ಲಿ ನಮ್ಮ ಮಾತನ್ನೇ ಹುಡುಕುತ್ತೇವೆ. ಈ ಕಪ್ಪು ಸಮುದ್ರದ ಹೆಸರಿನ ಕಥೆಯೂ ಹಾಗೇ ಶುರುವಾಯಿತು.

ಸುಮಾರು 2,700 ವರ್ಷಗಳ ಹಿಂದೆ ಗ್ರೀಕರು ಇಲ್ಲಿಗೆ ಹಡಗು ತಂದು, ದಡದಲ್ಲಿ ಊರು ಕಟ್ಟತೊಡಗಿದರು. ಉತ್ತರದ ದಡದಲ್ಲಿ ಇರಾನಿ ನುಡಿಗಳನ್ನಾಡುವ ಜನ ಇದ್ದರು. ಅವರ ನುಡಿಯಲ್ಲಿ ‘ಅಖ್ಶೈನ’ ಅಂದರೆ ಕಪ್ಪು ಬಣ್ಣದ್ದು. ಗ್ರೀಕರಿಗೆ ಅದು ತಮ್ಮದೇ ‘ಅಕ್ಸೆಯ್ನೋಸ್’ ಥರ ಕೇಳಿಸಿತು ಎಂದು ಹೆಚ್ಚಿನ ಭಾಷಾತಜ್ಞರು ಹೇಳುತ್ತಾರೆ. ಅದರ ಅರ್ಥ, ಬಂದವರನ್ನು ಆದರಿಸದ ಕಡಲು. ಅವರಿಗೆ ಆ ಅರ್ಥ ಸರಿಯಾಗೇ ಕಂಡಿರಬೇಕು. ಅವರ ಊರಿನ ಕಡಲಲ್ಲಿ ಹೆಜ್ಜೆಗೊಂದು ದ್ವೀಪ. ಇಲ್ಲಿ ಬಿರುಗಾಳಿ ಎದ್ದರೆ ಹಡಗು ನಿಲ್ಲಿಸೋಕೆ ದ್ವೀಪಗಳೇ ಇಲ್ಲ ಅನ್ನಬೇಕು.

ಆಮೇಲೆ ಅವರೇ ಹೆಸರನ್ನು ತಿರುಗಿಸಿದರು. ‘ಯೂಕ್ಸೆಯ್ನೋಸ್’ ಅಂದರು, ಅಂದರೆ ಅತಿಥಿಗಳನ್ನು ಚೆನ್ನಾಗಿ ನೋಡಿಕೊಳ್ಳುವ ಕಡಲು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಮೇಲೆ ಸಿಡುಬು ಎದ್ದರೆ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಿದ್ದವರು ನಾವು. ದೀಪ ಆರಿಸು ಅನ್ನದೆ ‘ದೀಪ ದೊಡ್ಡದು ಮಾಡು’ ಅನ್ನುವ ಅಜ್ಜಿಯರ ಕೈಯಲ್ಲಿ ಬೆಳೆದವರು. ಹೆದರಿಕೆ ಇರುವಲ್ಲಿ ಒಳ್ಳೆ ಹೆಸರಿಡುತ್ತೇವೆ. ಕ್ರಿ.ಶ. 8ರಲ್ಲಿ ರೋಮಿನ ಕವಿ ಓವಿಡ್‌ನನ್ನು ಈ ದಡದ ತೋಮಿಸ್ ಎಂಬ ಊರಿಗೆ ಗಡೀಪಾರು ಮಾಡಿದರು. ಇಂದಿನ ರೊಮೇನಿಯಾದ ಕಾನ್‌ಸ್ಟಾಂಟಾ ಅದು. ಚಳಿಯಲ್ಲಿ ನಡುಗುತ್ತಾ ಅವನು ಈ ಒಳ್ಳೆ ಹೆಸರು ಸುಳ್ಳು ಅಂತ ನೊಂದು ಬರೆದ.

ಹಾಗಾದರೆ ಕಪ್ಪು ಮತ್ತೆ ಬಂದದ್ದು ಹೇಗೆ? ಹಳೆಯ ಕಾಲದಲ್ಲಿ ಹಲವು ಜನಾಂಗಗಳು ದಿಕ್ಕುಗಳನ್ನು ಬಣ್ಣಗಳಿಂದ ಗುರುತಿಸುತ್ತಿದ್ದವು. ಉತ್ತರಕ್ಕೆ ಕಪ್ಪು. ಟರ್ಕಿಯವರಿಗೆ ಇದು ಉತ್ತರದ ಕಡಲು. ಅವರು ಮೆಡಿಟರೇನಿಯನ್ನನ್ನು ‘ಅಕ್‌ದೆನಿಜ್’, ಬಿಳಿ ಸಮುದ್ರ ಅನ್ನುತ್ತಾರೆ. ನನಗೆ ಈ ವಿವರಣೆಯೇ ಜಾಸ್ತಿ ಒಪ್ಪಿಗೆ. ಇವತ್ತು ಬಲ್ಗೇರಿಯಾ, ರೊಮೇನಿಯಾ, ಉಕ್ರೇನ್, ರಷ್ಯಾ, ಜಾರ್ಜಿಯಾ, ಎಲ್ಲರೂ ತಂತಮ್ಮ ನುಡಿಯಲ್ಲಿ ಕಪ್ಪು ಅಂತಲೇ ಕರೆಯುತ್ತಾರೆ.

ನೀರು ಕಪ್ಪಗಿರುವುದಕ್ಕೇ ಈ ಹೆಸರು ಬಂತು ಅನ್ನುವವರೂ ಇದ್ದಾರೆ. ಬಿಸಿಲಿದ್ದಾಗ ನೋಡಿದರೆ ನೀಲಿಯೇ. ಆದರೆ ಸುಮಾರು 200 ಮೀಟರ್ ಕೆಳಗೆ ಬೇರೆಯೇ ಲೋಕ. ಅಲ್ಲಿ ಆಮ್ಲಜನಕ ಇಲ್ಲ, ಇರುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಮರ ಕೊರೆಯುವ ಹುಳುಗಳು ಬದುಕಲಾರವು. 2018ರಲ್ಲಿ ಸಂಶೋಧಕರು ಬಲ್ಗೇರಿಯಾದ ದಡದಾಚೆ, ಎರಡು ಕಿಲೋಮೀಟರಿಗೂ ಆಳದಲ್ಲಿ, ಸುಮಾರು 2,400 ವರ್ಷ ಹಳೆಯ ಗ್ರೀಕ್ ಹಡಗನ್ನು ಕಂಡ ಸುದ್ದಿ ತಿಳಿಸಿದರು. ಈ ಕಡಲನ್ನು ಒಳ್ಳೆ ಹೆಸರಿಂದ ಕರೆಯುತ್ತಿದ್ದ ಕಾಲದ ಹಡಗು ಅದು. ಅದರ ಪಟದ ಕಂಬ ಇನ್ನೂ ನಿಂತಿದೆ. ಹುಟ್ಟು ಹಾಕುವವರು ಕೂರುತ್ತಿದ್ದ ಹಲಗೆಗಳೂ ಹಾಗೇ ಇವೆ.